ದೊಡ್ಡಮ್ಮನ ಬ್ಲೌಸಿಗೆ ಪ್ರೆಸ್ ಬಟನ್

ಸ್ವಲ್ಪ ಇರಿ. ಬೆರಳಾಡಿಸಿ ಮುಂದಕ್ಕೆ ಹೋಗ್ಬಿಡ್ಬೇಡಿ, ಒಂದೇ ಒಂದು ಸದ್ದು ಬರೋದಿದೆ, ಕಾಯ್ರಿ... ಟಕ್! ಅಷ್ಟೇ. ಬರೆದ್ರೆ ಚೆನ್ನಾಗಿ ಕೇಳಿಸಲ್ಲ ಅಂತ ಗೊತ್ತು, ಆದ್ರೆ ನಿಮ್ಮನೇಲೂ ಎಲ್ಲಾದ್ರೂ ಒಂದು ಪ್ರೆಸ್ ಬಟನ್ ಇದ್ದೇ ಇರುತ್ತೆ, ಪರ್ಸಿನ ಬಾಯಲ್ಲೋ, ರೈನ್‌ಕೋಟಿನ ಕತ್ತಲ್ಲೋ, ಮಗುವಿನ ಜುಬ್ಬದಲ್ಲೋ. ಒಂದ್ಸಲ ಒತ್ತಿ ನೋಡಿ. ಆ ಸದ್ದಿಗೆ ಬಿದ್ದವಳು ನಾನು. ಸುಮಾರು ಒಂದು ವರ್ಷದಿಂದ ಇವಳ ತಲೇಲಿ ಪ್ರೆಸ್ ಬಟನ್ ಬಿಟ್ರೆ ಬೇರೇನೂ ಇಲ್ಲ ಅಂತ ನಮ್ಮಮ್ಮ ಕಂಡೋರ ಹತ್ರ ಎಲ್ಲಾ ಹೇಳ್ಕೊಂಡು ಬರ್ತಾಳೆ. ಹೊಗಳಿಕೆ ಅಲ್ಲ ಅದು.

ಮೊದಲೇ ಹೇಳ್ಬಿಡ್ತೀನಿ, ನಾನು ಟೈಲರ್ ಅಲ್ಲ. ಹೊಲಿಗೆ ಕ್ಲಾಸಿನ ಮೆಟ್ಟಿಲು ಹತ್ತಿಲ್ಲ. ಸಿ.ವಿ. ರಾಮನ್ ನಗರದ ಹತ್ರ ಒಂದು ಆಫೀಸಲ್ಲಿ ಬಂದೋರಿಗೆ ಪಾಸ್ ಬರ್ಕೊಟ್ಟು ಕತ್ತಿಗೆ ನೇತು ಹಾಕೋದು ನನ್ನ ಕೆಲಸ. ಹೊಲಿಯೋದನ್ನ ಕಲಿತಿದ್ದು ಹಳೇ ಬಟ್ಟೆ ಬಿಚ್ಚಿ, ಫೋನಲ್ಲಿ ವಿಡಿಯೋ ನೋಡಿ, ಬೆರಳಿಗೆ ಸೂಜಿ ಚುಚ್ಚಿಸ್ಕೊಂಡು. ಹಾಗಾಗಿ ಮುಂದೆ ಹೇಳೋದ್ರಲ್ಲಿ ತಪ್ಪಿದ್ರೆ, ತಿಳಿದೋರು ಮನಸಲ್ಲೇ ಬೈಕೊಂಡು ಮುಂದಕ್ಕೋಗಿ.

ಇದೆಲ್ಲ ಶುರುವಾಗಿದ್ದು ದೊಡ್ಡಮ್ಮನಿಂದ. ದೊಡ್ಡಮ್ಮ ಅಂದ್ರೆ ಅಮ್ಮನ ಅಕ್ಕ. ಮರ್ಫಿ ಟೌನಲ್ಲಿ ನಮ್ಮ ಎರಡು ರೂಮಿನ ಮನೇಲಿ ನಮ್ಮ ಜೊತೇಲೇ ಇರೋದು. ಅವಳಿಗೆ ಬೆರಳ ಸಂದುಗಳು ಊದ್ಕೊಳ್ಳೋಕೆ ಶುರುವಾಯ್ತು. ಡಾಕ್ಟರು ಮಾತ್ರೆ ಕೊಟ್ರು, ನೋವು ಕಮ್ಮಿ ಆಯ್ತು, ಬೆರಳು ಮಾತ್ರ ಮಡಚಲ್ಲ. ಲೋಟ ಎರಡು ಅಂಗೈ ಮಧ್ಯೆ ಇಟ್ಕೊಂಡು ಕಾಫಿ ಕುಡೀತಾಳೆ, ಚಪಾತಿ ಲಟ್ಟಿಸ್ತಾಳೆ, ಸೀರೆ ನೆರಿಗೆ ಕೂಡ ಹೆಂಗೋ ಅಂಗೈಯಂಚಲ್ಲೇ ಹಿಡೀತಾಳೆ. ಲಂಗದ ಲಾಡಿ ತೆಗೆದು ಎಲಾಸ್ಟಿಕ್ ಹಾಕಿ ಆಗಿತ್ತು. ಸೋತಿದ್ದು ಒಂದೇ ಕಡೆ, ಬ್ಲೌಸಿನ ಹುಕ್ಕು. ಆರು ಹುಕ್ಕು. ಒಂದೊಂದನ್ನೂ ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ, ಕಣ್ಣಿಗೆ ಕಾಣದ ದಾರದ ಕುಣಿಕೆಗೆ ಸಿಗಿಸ್ಬೇಕು. ಯಾರು ಕಂಡುಹಿಡಿದ್ರೋ ಇದನ್ನ, ಅವರ ಕೈ ತುಂಬಾ ಚೆನ್ನಾಗಿತ್ತು ಅನ್ಸುತ್ತೆ.

ನಾನು ಕಾಲೇಜಲ್ಲಿದ್ದಾಗ ದಿನಾ ಬೆಳಗ್ಗೆ ನಾನೇ ಹಾಕ್ತಿದ್ದೆ. ಕೆಲಸ ಸಿಕ್ಕಿದ್ಮೇಲೆ ಆರು ಗಂಟೆಗೇ ಕ್ಯಾಬು. ಅಮ್ಮ ಅದಕ್ಕೂ ಮುಂಚೆ ರಸೆಲ್ ಮಾರ್ಕೆಟಿಗೆ ಹೂ ತರೋಕೆ ಹೋಗಿರ್ತಾಳೆ. ವಾರದ ರಜ ಯಾವತ್ತು ಬೀಳುತ್ತೋ ಅದೂ ಹೇಳೋಕಾಗಲ್ಲ. ಒಂದಿನ ನಾನು ಐದೂವರೆಗೆ ಎಬ್ಬಿಸಿ ಹುಕ್ಕು ಹಾಕೋಕೆ ಹೋದಾಗ ದೊಡ್ಡಮ್ಮ ಕೈ ತಳ್ಳಿದ್ಳು. "ಬಿಡೇ, ಗೊಂಬೆಗೆ ಬಟ್ಟೆ ತೊಡಿಸ್ದಂಗೆ ತೊಡಿಸ್ಬೇಡ. ನೈಟೀಲೇ ಇರ್ತೀನಿ." ಇದ್ದೂಬಿಟ್ಳು. ಅಂಗಡಿಗೆ ಹೋಗೋದು ನಿಲ್ತು, ಪಕ್ಕದ ಬೀದಿ ಗೆಳತಿ ಮನೆ ನಿಲ್ತು, ಕೊನೆಗೆ ಭಾನುವಾರದ ವಿಹಾರವೂ ನಿಲ್ತು. ಅದು ನಿಂತಾಗ ನಂಗೆ ಭಯ ಆಯ್ತು. ನಮ್ಮ ಬೀದಿ ಕೊನೇಲಿ, ಒಂದು ಮಹಡಿ ಮೇಲೆ, ಪುಟ್ಟ ಬುದ್ಧ ವಿಹಾರ ಇದೆ. ಅಲ್ಲಿ ಭಾನುವಾರ ವಂದನೆ ಹೇಳಿಕೊಡೋದು ದೊಡ್ಡಮ್ಮ. ಅವಳು ಒಂದು ಸಾಲು ಹೇಳಿದ್ರೆ ಮಿಕ್ಕೋರೆಲ್ಲ ಹಿಂದಿಂದ ಹೇಳ್ತಾರೆ. ನಾನು ಹುಟ್ಟೋಕೂ ಮುಂಚಿಂದ ಹಾಗೆ. ನೈಟೀಲಿ ಹೋಗಮ್ಮ, ಮೇಲೊಂದು ಶಾಲು ಹೊದ್ಕೊ, ಯಾರೂ ಏನೂ ಅನ್ಕೊಳಲ್ಲ ಅಂದ್ರೆ ನನ್ನನ್ನ ನೋಡಿದ ನೋಟ ಇದೆಯಲ್ಲ, ಇವಳನ್ನ ಇಷ್ಟು ಓದಿಸಿದ್ದು ವೇಸ್ಟು ಅನ್ನೋ ನೋಟ.

ಆವಾಗ ನಂಗೆ ಹೊಳೆದಿದ್ದು ಪ್ರೆಸ್ ಬಟನ್. ಶಿವಾಜಿನಗರದಲ್ಲಿ ಲೇಸು, ದಾರ, ಜಿಪ್ಪು ಮಾರೋ ಒಂದು ಅಂಗಡಿ, ಒಬ್ಬರು ನಿಂತ್ರೆ ಇನ್ನೊಬ್ಬರು ಆಚೆ ನಿಲ್ಬೇಕು ಅಷ್ಟು ಅಗಲ. ಅಂಗಡಿ ಭಾಯಿ "ಕ್ಯಾ ಹೋನಾ ಅಮ್ಮಾ?" ಅಂದ್ರು. ಇರೋ ಸೈಜೆಲ್ಲ ತೋರಿಸಿ ಅಂದೆ. ಅಲ್ಲೇ ನಿಂತು ಒಂದೊಂದನ್ನೂ ಒತ್ತಿ, ಬಿಡಿಸಿ, ಕಿವಿ ಹತ್ರ ಇಟ್ಕೊಂಡು ಮತ್ತೆ ಒತ್ತಿದೆ. ಹತ್ತು ನಿಮಿಷ ಆದ್ಮೇಲೆ ಭಾಯಿ ಹಿಂದೆ ಕಾಯ್ತಿದ್ದೋರನ್ನ ನೋಡಿ ಅಂದ್ರು, "ಮೇಡಮ್ಮು ಬಟನ್ ತಗೊಳ್ಳೋಕೆ ಬಂದಿದ್ದಾ, ಬಾಜಾ ಬಾರ್ಸೋಕೆ ಬಂದಿದ್ದಾ?"

ಆದ್ರೆ ನೋಡಿ, ಅದನ್ನ ಒಂದ್ಸಲ ಹತ್ತಿರದಿಂದ ನೋಡಿದೋರು ಬಾಜಾ ಬಾರಿಸದೇ ಇರೋಕಾಗಲ್ಲ. ಎರಡೇ ಭಾಗ. ಒಂದ್ರಲ್ಲಿ ಉಬ್ಬು, ಇನ್ನೊಂದ್ರಲ್ಲಿ ತಗ್ಗು. ಉಬ್ಬಿಗೆ ತಲೆ ದಪ್ಪ, ಕತ್ತು ಸಣ್ಣ. ತಗ್ಗಿನ ಒಳಗೆ ಕೂದಲಿಗಿಂತ ಸ್ವಲ್ಪ ದಪ್ಪ ಇರೋ ಎರಡು ತಂತಿ, ಎದುರು ಬದುರು. ಒತ್ತಿದಾಗ ತಲೆ ಆ ತಂತಿಗಳನ್ನ ಅತ್ತಿತ್ತ ತಳ್ಳಿ ಒಳಗೆ ನುಗ್ಗುತ್ತೆ, ನುಗ್ಗಿದ ತಕ್ಷಣ ತಂತಿ ವಾಪಸ್ ಬಂದು ಕತ್ತು ಹಿಡ್ಕೊಳುತ್ತೆ. ಟಕ್ ಅನ್ನೋದು ಆ ವಾಪಸ್ ಬರೋ ಸದ್ದು. ಇದನ್ನ ಒಂದು ಮಸೂರ ಇಟ್ಕೊಂಡು ನೋಡಿದ ದಿನ ನಾನು ಆಫೀಸಿಗೆ ಬಂದ ಮೂರು ಜನಕ್ಕೆ ಪಾಸ್ ಬರೆಯೋ ಬದಲು ಇದನ್ನೇ ವಿವರಿಸಿದ್ದೀನಿ.

ಉಬ್ಬಿರೋದನ್ನ ಮೇಲ್ಗಡೆ ಪಟ್ಟಿಯ ಒಳಮೈಗೆ, ತಗ್ಗಿರೋದನ್ನ ಕೆಳಗಿನ ಪಟ್ಟಿಗೆ ಹೊಲಿಯೋದು ರೂಢಿ. ಉಬ್ಬುಗಳನ್ನ ಮೊದಲು ಹೊಲಿದು, ತುದಿಗೆ ಸೀಮೆಸುಣ್ಣ ಸವರಿ, ಕೆಳಗಿನ ಪಟ್ಟಿ ಮೇಲೆ ಒತ್ತಿದ್ರೆ ತಗ್ಗು ಎಲ್ಲಿ ಬರ್ಬೇಕೋ ಅಲ್ಲಿ ಬಿಳೀ ಚುಕ್ಕೆ ಬೀಳುತ್ತೆ. ಇದು ಗೊತ್ತಾದಾಗ ಲೋಕದ ಗುಟ್ಟೆಲ್ಲ ಗೊತ್ತಾದಂಗೆ ಆಗಿ, ದೊಡ್ಡಮ್ಮನ ಮೇಲೆ ಪ್ರಯೋಗ ಬೇಡ ಅಂತ ಮೊದಲು ನನ್ನದೇ ಒಂದು ಶರ್ಟಿನ ಗುಂಡಿ ಕಿತ್ತು ಪ್ರೆಸ್ ಬಟನ್ ಹಾಕ್ಕೊಂಡು, ಕ್ಯಾಬ್ ಬಿಟ್ಟು ಬಸ್ಸಲ್ಲಿ ಹೊರಟೆ. ಎರಡು ಸ್ಟಾಪ್ ದಾಟೋವರೆಗೂ ಪ್ರಪಂಚ ಗೆದ್ದವಳು. ಬ್ರೇಕ್ ಹಾಕಿದ್ರು, ಮೇಲಿನ ಕಂಬಿ ಹಿಡಿಯೋಕೆ ಕೈ ಎತ್ತಿದೆ, ಟಕ್ ಟಕ್ ಟಕ್ ಅಂತ ಮೇಲಿನ ಮೂರೂ ಬಿಟ್ಕೊಂಡ್ವು. ಒಳಗೆ ಬನಿಯನ್ ಇತ್ತು ಸದ್ಯ. ಪಕ್ಕದಲ್ಲಿ ಕೂತಿದ್ದ ಆಂಟಿ ತಮ್ಮ ಸೆರಗಿನ ಪಿನ್ನು ತೆಗೆದು ನನ್ನ ಕೈಗಿಟ್ರು. ಆ ಪಿನ್ನು ಇವತ್ತಿಗೂ ನನ್ನ ಹತ್ರಾನೇ ಇದೆ, ಅವರು ಇದನ್ನ ಓದ್ತಿದ್ರೆ ಕ್ಷಮಿಸ್ಲಿ.

ಮಾನ ಹೋದ್ರೂ ಪಾಠ ಬಂತು. ಪ್ರೆಸ್ ಬಟನ್ ಹಾಕಿರೋ ಎರಡು ಬಟ್ಟೆನ ಅಡ್ಡಕ್ಕೆ ಎಳೀರಿ, ಸುಲಭಕ್ಕೆ ಬರಲ್ಲ. ಅದೇ ಒಂದು ಅಂಚು ಹಿಡಿದು ಸಿಪ್ಪೆ ಸುಲಿದಂಗೆ ಮೇಲಕ್ಕೆತ್ತಿ, ಬಂದ್ಬಿಡುತ್ತೆ. ಕೈ ಎತ್ತಿದಾಗ ಬಿಗಿಯಾಗಿದ್ದ ನನ್ನ ಶರ್ಟು ಸೊಟ್ಟಗೆ ಎದ್ದು, ತಾನೇ ಸುಲ್ಕೊಂಡಿತ್ತು. ಅಂದ್ರೆ ಬಟ್ಟೆ ಸ್ವಲ್ಪ ಸಡಿಲ ಇರ್ಬೇಕು, ಬಟನ್ನು ಸ್ವಲ್ಪ ಬಿಗಿ ಇರ್ಬೇಕು. ಹೀಗೆ ತೀರ್ಮಾನಕ್ಕೆ ಬಂದು ದೊಡ್ಡಮ್ಮನ ಒಂದು ಹಳೇ ಬ್ಲೌಸಿನ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಅಂಗಡೀಲಿದ್ದ ಅತೀ ಬಿಗಿ ಬಟನ್ ಆರು ಹಾಕಿ, ಗಿಫ್ಟ್ ಕೊಡೋ ತರ ಕೊಟ್ಟೆ.

ದೊಡ್ಡಮ್ಮ ಹಾಕ್ಕೊಂಡ್ಳು. ಒತ್ತೋಕೆ ನೋಡಿದ್ಳು. ಆಗ್ಲಿಲ್ಲ. ಮತ್ತೆ ನೋಡಿದ್ಳು, ನೋವಿಗೆ ಮುಖ ಹಿಂಡ್ಕೊಂಡ್ಳು. "ಹುಕ್ಕೇ ವಾಸಿ ಕಣೇ," ಅಂತ ಮೆಲ್ಲಗೆ ಹೇಳಿ ಬ್ಲೌಸ್ ಬಿಚ್ಚಿಟ್ಟು ಮತ್ತೆ ನೈಟಿ ಹಾಕ್ಕೊಂಡ್ಳು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.

ಎದುರುಗಡೆ ರೂಮಲ್ಲಿ ಶರಣಮ್ಮ ಅಂತ ಇದ್ದಾರೆ, ಯಾದಗಿರಿ ಕಡೆಯೋರು. ಗಂಡ ಕಟ್ಟಡದ ಕೆಲಸ, ಇವರು ಮನೇಲೇ ಮಿಷನ್ ಇಟ್ಕೊಂಡು ಸೀರೆ ಫಾಲು, ಬ್ಲೌಸು. ನಾನು ಬ್ಲೌಸ್ ತಗೊಂಡು ಹೋಗಿ ಅವರ ಮುಂದೆ ಹಾಕಿದೆ. ಅವರು ಒಂದು ಬಟನ್ ಒತ್ತಿ, ಬಿಡಿಸಿ, ನಕ್ಕರು.

"ಏ ತಂಗಿ, ಇದು ಬ್ಲೌಸೋ, ತಿಜೋರಿನೋ?"

"ಬಿಚ್ಚಿ ಹೋಗ್ಬಾರ್ದು ಅಂತ ಅಕ್ಕಾ..."

"ಬಿಚ್ಚೂದು ಆಮ್ಯಾಲ ನೋಡೋಣು. ಮೊದಲ ಹಾಕೋಳಾಕ ಬರಬೇಕಲ್ಲ! ನಿನ್ನ ಬೆರಳಲೇ ಒತ್ತಿ ನೋಡಿದಿ, ಹೌದಿಲ್ಲ? ನಿಮ್ಮ ದೊಡ್ಡವ್ವನ ಬೆರಳ ಕೇಳಿದೇನು?"

ಕೇಳಿರ್ಲಿಲ್ಲ. ಅಷ್ಟೊಂದು ಸೈಜು ಒತ್ತಿ, ಕಿವಿ ಹತ್ರ ಇಟ್ಕೊಂಡು, ತಂತಿ ಎಣಿಸಿ, ಸೀಮೆಸುಣ್ಣ ಸವರಿ, ಬಸ್ಸಲ್ಲಿ ಮಾನ ಕಳ್ಕೊಂಡ ನಾನು, ಹಾಕ್ಕೊಳ್ಳೋರ ಕೈಗೆ ಒಂದೇ ಒಂದು ಬಟನ್ ಕೊಟ್ಟು ನೋಡಿರ್ಲಿಲ್ಲ.

ಮುಂದಿನ ರಜಕ್ಕೆ ಒಂದು ಉದ್ದ ಪಟ್ಟಿ ಮೇಲೆ ಎಲ್ಲಾ ತರದ್ದೂ ಒಂದೊಂದು ಹೊಲಿದು ದೊಡ್ಡಮ್ಮನ ಮುಂದೆ ಕೂತೆ. ಸಣ್ಣದು ಬೆರಳಿಗೆ ಸಿಗ್ತಿರ್ಲಿಲ್ಲ. ಬಿಗಿಯಾಗಿದ್ದದ್ದು ಕೂರ್ತಿರ್ಲಿಲ್ಲ. ದೊಡ್ಡದಾಗಿ, ತಂತಿ ಸ್ವಲ್ಪ ಮೆದು ಇದ್ದದ್ದು ಪರವಾಗಿಲ್ಲ ಅಂದ್ಳು. ಅಂಥದ್ದು ಐದು ಬ್ಲೌಸಿಗೆ ಹಾಕಿ ಕೊಟ್ರೂ ಎದೆ ಮೇಲೆ ಒತ್ತೋಕೆ ಹೆಬ್ಬೆರಳು ಸಾಲ್ಲಿಲ್ಲ. ನಾಲ್ಕನೇ ಸಲಕ್ಕೆ ಅವಳಿಗೆ ಸಿಟ್ಟು ಬಂತು. "ಇದರ ಮನೆ ಹಾಳಾಗ!" ಅಂತ ಅಂಗೈ ಬುಡದಲ್ಲಿ ಒಂದು ಗುದ್ದು ಕೊಟ್ಳು ನೋಡಿ, ಟಕ್ ಅಂತ ಕೂತ್ಕೊಂಡ್ಬಿಡ್ತು. ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಅವಳು ಇನ್ನೊಂದಕ್ಕೆ ಗುದ್ದಿದ್ಳು. ಅದೂ ಕೂತ್ಕೊಂತು. ಎದೆ ನಡುವೆ ಮೂಳೆ ಇದೆಯಲ್ಲ, ಬ್ಲೌಸಿನ ಪಟ್ಟಿ ಸರಿಯಾಗಿ ಅದರ ಮೇಲೇ ಬರುತ್ತೆ, ಒಳ್ಳೇ ಮಣೆ ಇದ್ದಂಗೆ. ಬೆರಳೇ ಬೇಕಿಲ್ಲ.

ಆದ್ರೆ ಕೆಳಗಿನದು ಮೂಳೆ ಮುಗಿದು ಹೊಟ್ಟೆ ಶುರುವಾಗೋ ಜಾಗ. ಗುದ್ದಿದ್ರೆ ಒಳಕ್ಕೆ ಹೋಗುತ್ತೆ ಅಷ್ಟೇ. ಮತ್ತೆ ಶರಣಮ್ಮನ ಹತ್ರ ಓಡಿದೆ. ಅವರು ತಲೆ ಕೂಡ ಎತ್ತಲಿಲ್ಲ. "ಎಳತ ಎಲ್ಲಾ ಅಲ್ಲೇ ಇರ್ತದ. ಅಲ್ಲಿ ಪ್ಯಾಂಟಿನ ಹುಕ್ಕ ಹಚ್ಚು. ಸರಿಸಿದ್ರ ಕೂಡ್ತದ, ಚಿವುಟೂದು ಬ್ಯಾಡ." ಪ್ಯಾಂಟಿನ ಸೊಂಟದಲ್ಲಿರುತ್ತಲ್ಲ, ಚಪ್ಪಟೆ ಹುಕ್ಕು, ಅದು. ಅದನ್ನ ಮೊದಲು ಅಂಗೈಯಲ್ಲೇ ಸರಿಸಿ ಸಿಗಿಸಿದ್ರೆ ಬ್ಲೌಸಿನ ಎಳೆತ ಎಲ್ಲಾ ಅದರ ಮೇಲೆ. ಮೇಲಿನ ನಾಲ್ಕು ಪ್ರೆಸ್ ಬಟನ್ನಿಗೆ ಬಾಯಿ ಮುಚ್ಕೊಂಡಿರೋದಷ್ಟೇ ಕೆಲಸ. ಬಿಚ್ಚೋಕೆ ಮೇಲ್ಗಡೆ ಒಳಮೈಲಿ ಒಂದು ರಿಬ್ಬನ್ ತುಂಡು. ಅದಕ್ಕೆ ಬೆರಳು ತೂರಿಸಿ ಎಳೆದ್ರೆ ಸಿಪ್ಪೆ ಸುಲಿದಂಗೆ ಎಲ್ಲಾ ಬರುತ್ತೆ. ಸಡಿಲ ಆಯ್ತು, ಹಳೇ ಕಾಲದ ಜಂಪರ್ ತರ ಕಾಣುತ್ತೆ ಅಂತ ದೊಡ್ಡಮ್ಮ ಕನ್ನಡಿ ಮುಂದೆ ಗೊಣಗಿದಾಗ ನಂಗೆ ಖುಷಿಯಾಯ್ತು. ಕನ್ನಡಿ ಮುಂದೆ ನಿಂತು ಎಷ್ಟು ತಿಂಗಳಾಗಿತ್ತು.

ಅದಾದ ಭಾನುವಾರ ನಂಗೆ ರಜ ಇತ್ತು. ನಾನು ಎದ್ದಾಗ ದೊಡ್ಡಮ್ಮ ಬಿಳೀ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ಳು. ನಾನು ಮುಖ ತೊಳೆದು ಹಿಂದೆ ಓಡಿದೆ. ವಿಹಾರದಲ್ಲಿ ಅವಳ ಹಳೇ ಜಾಗ, ಎಲ್ಲರ ಮುಂದೆ, ಸ್ವಲ್ಪ ಎಡಕ್ಕೆ. ನಾನು ಪಕ್ಕದ ಗೋಡೆಗೆ ಒರಗಿ ಕೂತೆ, ಅಲ್ಲಿಂದ ಅವಳು ಒಂದು ಪಕ್ಕದಿಂದ ಕಾಣ್ತಿದ್ಳು. ಆಮೇಲೆ ನೆನಪಾಗಿದ್ದು: ಮೂರು ಸಲ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸ್ಬೇಕು. ಕೂತು ನೋಡಿದ್ವಿ, ನಿಂತು ನೋಡಿದ್ವಿ, ಕೈ ಎತ್ತಿ ನೋಡಿದ್ವಿ. ಬಾಗಿ ನೋಡಿರ್ಲಿಲ್ಲ.

ಮೊದಲನೇ ಸಲ ಬಾಗಿದ್ಳು, ಎದ್ಳು. ಎರಡನೇ ಸಲ. ಮೂರನೇ ಸಲ ಏಳುವಾಗ ಅರ್ಧದಲ್ಲಿ ಒಂದು ಕ್ಷಣ ನಿಂತ್ಳು. ನನ್ನ ಕೈ ನನ್ನ ದುಪಟ್ಟಾದ ಪಿನ್ನಿಗೆ ಹೋಗಿತ್ತು. ಅವಳು ನೆಟ್ಟಗೆ ಕೂತು, ಕೈ ಜೋಡಿಸಿ ಎದೆಗೆ ತಂದ್ಳು, ಎಲ್ಲರೂ ತರೋ ಹಂಗೇ, ಆದ್ರೆ ಸ್ವಲ್ಪ ಜೋರಾಗಿ. ಆಮೇಲೆ ಮೊದಲ ಸಾಲು ಹೇಳಿದ್ಳು. ಹಿಂದಿಂದ ಎಲ್ಲರೂ ಹೇಳಿದ್ರು.

ಮುಗಿದ್ಮೇಲೆ ಮೆಟ್ಟಿಲಿಳೀತಾ ಕಿವಿ ಹತ್ರ ಬಂದು ಹೇಳಿದ್ಳು, "ಮೇಲಿಂದೊಂದು ಬಿಟ್ಕೊಂಡ್ಬಿಡ್ತು ಕಣೇ."

ನನ್ನ ಮುಖ ಬಿದ್ದೋಯ್ತು. "ಸಾರಿ ದೊಡ್ಡಮ್ಮ. ಇವತ್ತೇ ಬೇರೆ ಹಾಕ್ತೀನಿ, ಇನ್ನೂ ಸ್ವಲ್ಪ ಬಿಗಿ ಇರೋದು..."

"ಯಾಕೆ? ಕೈ ಮುಗಿಯೋವಾಗ ನಾನೇ ಹಾಕ್ಕೊಂಡ್ನಲ್ಲ."

ಅಷ್ಟು ಹೇಳಿ ಪಕ್ಕದ ಬೀದಿ ಗೆಳತಿ ಜೊತೆ ಹೊರಟುಬಿಟ್ಳು, ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಬಿಚ್ಚಿಕೊಳ್ಳದೇ ಇರೋ ಗುಂಡಿ ಹುಡುಕ್ತಾ ನಾನು ಶಿವಾಜಿನಗರ ಎಲ್ಲಾ ಸುತ್ತಿದ್ದೆ. ಅವಳಿಗೆ ಬೇಕಾಗಿದ್ದದ್ದು, ಬಿಚ್ಚಿಕೊಂಡ್ರೆ ಯಾರನ್ನೂ ಕರೀದೆ ಹಾಕ್ಕೊಳ್ಳೋಕೆ ಬರೋ ಗುಂಡಿ. ಆ ಬಟನ್ ನಾನು ಬದಲಾಯಿಸಿಲ್ಲ.

ನಿಮ್ಮನೇಲೂ ಇರ್ತಾರೆ, ಲಾಡಿ, ಜಿಪ್ಪು, ಕಾಲರ್ ಗುಂಡಿ, ಚಪ್ಪಲಿ ಪಟ್ಟಿ, ಇಂಥದ್ದೊಂದು ಚೂರಿಗೆ ಸೋತು ಬಾಗಿಲಾಚೆ ಬರೋದು ಬಿಟ್ಟಿರೋರು. ಅವರಿಗೆ ನೀವೇನು ಮಾಡ್ಕೊಟ್ರಿ, ಕೆಟ್ಟಿದ್ದೆಲ್ಲಿ, ಕೊನೆಗೆ ಕೂತಿದ್ದು ಹೆಂಗೆ? ಕೆಳಗೆ ಬರೀರಿ. ಕೆಟ್ಟಿದ್ದನ್ನ ಮೊದಲು ಬರೀರಿ, ನಂಗೆ ಅದೇ ಜಾಸ್ತಿ ಉಪಯೋಗ. ಇನ್ನೂ ಏನೂ ಮಾಡಿಲ್ಲ ಅಂದ್ರೆ, ಅವರ ಬೆರಳನ್ನ ಒಂದ್ಸಲ ಕೇಳಿ, ಅದೇನು ಹೇಳ್ತು ಅಂತ ಬರೀರಿ.