ಬೇಲಿಯಾಚೆ

ಕಂಬ್ರಿಯಾ ಎಂಬ ಇಂಗ್ಲಿಷ್ ಸೀಮೆಯ ಹಳ್ಳಿಯಲ್ಲಿ ಏರ್‌ಗನ್ ಮಾರುವ ವಿಲ್ಫ್ ಥ್ರೆಲ್ಕೆಲ್ಡ್, ಕೊಳ್ಳಲು ಬಂದವರ ತಲೆ ತಿನ್ನುವುದರಲ್ಲಿ ಹೆಸರುವಾಸಿ. ಸಣ್ಣ ಗುಂಡನ್ನೂ ದಪ್ಪ ಗುಂಡನ್ನೂ ಅಂಗೈಯಲ್ಲಿಟ್ಟು ಸಂಬಂಧ ಕುದುರಿಸುವವನಂತೆ ಹೊರಳಿಸುತ್ತಾನೆ. ಹೊಡೆಯಬೇಕಾದ್ದು ಮೊಲ ಎಂದರೂ ಇಲಿ ಎಂದರೂ ಅವನದು ಒಂದೇ ಪ್ರಶ್ನೆ: "ಅದರ ಹಿಂದೆ ಏನಿದೆ?" ಪಾರಿವಾಳಗಳ ಕಾಟಕ್ಕೆ ಬೇಸತ್ತು ಬಂದ, ಊರಿಗೆ ಹೊಸಬಳಾದ ನೆಸ್ಟಾಳನ್ನೂ ಅವನು ಬಿಡಲಿಲ್ಲ. "ಬೇಲಿ ಮಾರಾಯ, ಬರೀ ಬೇಲಿ! ಜೋರಾಗಿ ಹೋಗುತ್ತಲ್ಲ, ಆ ಸಣ್ಣ ಗುಂಡಿನ ಬಂದೂಕೇ ಕೊಡು," ಎಂದಳು ಅವಳು. "ಸಣ್ಣದು ಹಕ್ಕೀನೂ ದಾಟುತ್ತೆ, ಬೇಲೀನೂ ದಾಟುತ್ತೆ ಕಣಮ್ಮಾ. ದಪ್ಪದು ಹಕ್ಕಿಯೊಳಗೇ ನಿಲ್ಲುತ್ತೆ. ಬೇಲಿ ಹಿಂದೆ ಏನಿದೆ ಹೇಳು?" "ಅಯ್ಯೋ, ಏನಿರುತ್ತೆ!" ಎಂದು ಅವಳು ನಕ್ಕಳು. ಒಳಗಿನಿಂದ ಚಹಾ ತಂದ ಅವನ ಹೆಂಡತಿ ಹಿಲ್ಡಾ, "ಇವನು ಗುಂಡು ಹೊಡೆದಾಗ ಬೇಲಿ ಹಿಂದೆ ನಾನಿದ್ದೆ, ಬಟ್ಟೆ ಒಣಹಾಕ್ತಾ," ಎಂದಳು. ಅವಳ ಎಡಗಣ್ಣಿನ ರೆಪ್ಪೆ ಖಾಲಿ ಗುಳಿಯ ಮೇಲೆ ಹೊಲಿದಂತೆ ಮುಚ್ಚಿತ್ತು. ಹೆಂಡತಿಯತ್ತ ನೋಡದೆ ವಿಲ್ಫ್ ದಪ್ಪ ಗುಂಡಿನ ಬಂದೂಕನ್ನು ಮೆಲ್ಲಗೆ ನೆಸ್ಟಾಳ ಮುಂದಕ್ಕೆ ಸರಿಸಿದ.