ಜೋಡಿ ಮನೆಗೆ ಒಂದೇ ಚಿಮಣಿ

ಗೋಡೆಯ ಬಿರುಕಿನೊಳಗೆ ನನ್ನ ಅಂಗೈ ಸಲೀಸಾಗಿ ಹೋಯಿತು.

"ಈಶಾನ್ಯದಲ್ಲಿ ಬೆಂಕಿ ಇರಬಾರ್ದಲ್ವಾ ಮೇಡಂ, ಅದಕ್ಕೇ ಚಿಮಣಿ ಒಡೆಸಿ ದೇವರಮನೆ ಮಾಡಿಸ್ತಿದೀವಿ. ನಮ್ ಸೈಡ್ ಮಾತ್ರ!" ಎಂದರು ಮನೆ ಕೊಂಡ ಮೈಸೂರಿನವರು.

ಅಮೆರಿಕದ ಇಸ್ಸಾಕ್ವಾ ಊರಿನ ಆ ಮನೆ, ಯಾರೋ ವಲಸಿಗರು ತಮ್ಮ ಇಂಗ್ಲೆಂಡಿನ ಹಳ್ಳಿಯನ್ನು ನೆನೆದು ಕಟ್ಟಿದ ಹಳೆಯ ಜೋಡಿಮನೆಗಳಲ್ಲಿ ಒಂದು. ನಡುವೆ ಎರಡಕ್ಕೂ ಸೇರಿ ಒಂದೇ ಇಟ್ಟಿಗೆ ಚಿಮಣಿ, ನೆಲದಿಂದಲೇ ಎದ್ದ ಹೊಗೆಗೂಡು. ಎರಡೂ ಮನೆಗಳ ಚಾವಣಿಯ ತೊಲೆಗಳು ಕೂತಿರುವುದು ಅದರ ಮೇಲೆಯೇ. ಒಂದು ಪಕ್ಕ ಒಡೆದರೆ ಇನ್ನೊಂದು ಪಕ್ಕ ನಿಲ್ಲುವುದಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಆದ ನಾನು ಎರಡೂ ಮನೆಯವರಿಗೆ ಹೇಳಲೇಬೇಕಾಯಿತು: ಇವತ್ತೇ ಖಾಲಿ ಮಾಡಿ, ಇನ್ನು ಉಳಿಸಲಾಗದು.

ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದ ಅಮೆರಿಕನ್ ಅಜ್ಜಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ನಾನೇನೂ ಮುಟ್ಟಲಿಲ್ಲವಲ್ಲ ಮಗಳೇ, ನಾನ್ಯಾಕೆ ಹೋಗಬೇಕು?"

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಒದ್ದಾಡಿ ಪಡೆದದ್ದು, ಹೆಮ್ಮೆಯಿದೆ. ಗೋಡೆ ಯಾಕೆ ಬೀಳುತ್ತದೆಂದು ಅದು ನನಗೆ ಕಲಿಸಿದೆ. ಅಜ್ಜಿ ನನ್ನ ಉತ್ತರಕ್ಕೆ ಕಾಯಲಿಲ್ಲ. ಕುರ್ಚಿ ಹತ್ತಿ ತಮ್ಮ ಕಿಟಕಿಯ ಪರದೆ ಬಿಚ್ಚತೊಡಗಿದರು.