ಬೆರಳು ಮರೆತ ಏಣು

ಬೆಳಗಿನ ಆರು ಗಂಟೆ. ಸಿಂಕಿನ ಕೆಳಗಿನ ಕಪಾಟಿನಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ. ಉಳಿದ ಮನುಷ್ಯನನ್ನು ಕಪಾಟು ನುಂಗಿಬಿಟ್ಟಿದೆ. ಒಳಗಿನ ಹಲಗೆ ನೀರು ಕುಡಿದು ಊದಿಕೊಂಡಿದೆ. ಕಿಟಕಿಯಾಚೆ ಬೂದಿ ಬಣ್ಣದ ಬೆಳಕು, ಹಗಲಾಗಲೋ ಬೇಡವೋ ಎಂದು ಅನುಮಾನಿಸುತ್ತಿರುವಂತೆ.

"ಎಲ್ಲಿಂದ ಬರ್ತಿದೆ ಅಂತ ಸಿಕ್ತಾ?" ಮನೆಯಾಕೆ ಬಗ್ಗಿ ಕೇಳುತ್ತಾರೆ. ಅವರು ಶಾಲೆಯಲ್ಲಿ ಟೀಚರ್. ಎಂಟಕ್ಕೆ ಹೊರಡಬೇಕು.

"ಸಿಕ್ತು ಮೇಡಂ," ಒಳಗಿನಿಂದ ದನಿ ಬರುತ್ತದೆ. "ನನ್ನಿಂದಾನೇ ಬರ್ತಿದೆ."

ಈ ಬೀದಿಗಳಲ್ಲಿ ಎಲ್ಲರೂ ಅವರನ್ನು ತೊಟ್ಟಣ್ಣ ಎನ್ನುತ್ತಾರೆ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ "ತೊಟ್ಟು ಎಲ್ಲಿ ಬೀಳ್ತಿದೆ?" ಎಂದು ಕೇಳುವ ರೂಢಿ, ಹಾಗಾಗಿ ಆ ಹೆಸರು. ಕೊಳಾಯಿ ಕೆಲಸ ಹಿಡಿದು ಮೂವತ್ತೊಂದು ವರ್ಷ. ದಿನಕ್ಕೆ ನಾಲ್ಕೈದು ಮನೆ. ಇಷ್ಟು ವರ್ಷಗಳಲ್ಲಿ ಒಂದೇ ಸೋರಿಕೆಗೆ ಅವರನ್ನು ಎರಡನೇ ಸಲ ಕರೆದವರಿಲ್ಲ. ಈ ಮನೆಗೆ ಇದು ವಾರದಲ್ಲಿ ಮೂರನೇ ಸಲ. ಪಾತ್ರೆ ತೊಳೆಯುವ ಮಷಿನ್ನಿನ ಕೊಳೆನೀರಿನ ಪೈಪು ಸಿಂಕಿನ ಪೈಪಿಗೆ ಸೇರುವ ಜಾಗ ಸೋರುತ್ತಿದೆ. ಎರಡು ಸಲ ಬಿಗಿ ಮಾಡಿ ಹೋಗಿದ್ದಾರೆ, ಎರಡು ಸಲವೂ ಸೋರಿದೆ. ಕೆಳಗಿನ ಮನೆಯ ಚಾವಣಿಯಲ್ಲಿ ತಟ್ಟೆಯಗಲ ಕಲೆ ಮೂಡಿದೆ.

ತಪ್ಪು ಏನೆಂದು ಅವರಿಗೆ ಗೊತ್ತು. ಸಿಂಕಿನ ಪೈಪಿಗೆ ಒಂದು ಪುಟ್ಟ ಮೂತಿಯಿದೆ, ಮೂತಿಯ ಸುತ್ತ ಉಗುರಿನಷ್ಟು ತೆಳುವಾಗಿ ಉಬ್ಬಿದ ಏಣು. ಮಷಿನ್ನಿನ ರಬ್ಬರ್ ಪೈಪನ್ನು ಮೂತಿಗೆ ತೊಡಿಸಿ ಏಣು ದಾಟಿಸಬೇಕು, ಅದನ್ನು ಬಿಗಿಹಿಡಿಯುವ ಕ್ಲಿಪ್ಪು ಏಣಿನ ಆಚೆ ಕೂರಬೇಕು. ಏಣಿನ ಮೇಲೇ ಕೂತರೆ ಎಷ್ಟು ಬಿಗಿದರೂ ನೀರು ಜಾರಿಬರುತ್ತದೆ. ರಬ್ಬರಿನೊಳಗೆ ಅಡಗಿದ ಏಣು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗಬೇಕು.

ಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ತೊಟ್ಟಣ್ಣನ ಕಸುಬಿನ ಜೀವ ಇರುವುದು ಬಲಗೈಯ ಎರಡು ಬೆರಳ ತುದಿಯಲ್ಲಿ. ಅದು ಹಾರಿಹೋಗುತ್ತಿದೆ. ಸಕ್ಕರೆ ಕಾಯಿಲೆಯಿಂದ ನರ ಸತ್ತಿದೆ, ಹೋದ ಸ್ಪರ್ಶ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

"ಮೊದಮೊದಲು ಜುಂ ಅಂತಿತ್ತು. ಈಗ ಅದೂ ಇಲ್ಲ," ಎನ್ನುತ್ತಾರೆ ಅವರು, ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ. "ಪೈಪು ಮುಟ್ಟಿದ್ರೆ ತಣ್ಣಗಿದೆಯೋ ಒದ್ದೆ ಆಗಿದೆಯೋ ಗೊತ್ತಾಗಲ್ಲ. ಕೊಳಾಯಿಯವನಿಗೆ ಒದ್ದೆನೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ನೇನಿದೆ?"

ಮನೆಯಲ್ಲಿ ಅಂಗಿಯ ಗುಂಡಿಯನ್ನು ಈಗ ಹೆಂಡತಿ ಹಾಕಿಕೊಡುತ್ತಾರೆ. "ಊರಿನ ನಲ್ಲಿಯೆಲ್ಲಾ ತಿರುಗಿಸಿದ ಮಹಾರಾಯರು, ಒಂದು ಗುಂಡಿಗೆ ನಾನು ಬೇಕಾದೆ," ಎಂದು ಗೊಣಗುತ್ತಾರಂತೆ. ಗೊಣಗುತ್ತಲೇ ಒಂದೊಂದೂ ಗುಂಡಿಯನ್ನು ಎರಡೆರಡು ಸಲ ಮುಟ್ಟಿ ನೋಡುತ್ತಾರಂತೆ. ಇವತ್ತಿನದೇ ಕೊನೆಯ ಕೆಲಸವೆಂದು ನಿನ್ನೆ ರಾತ್ರಿಯೇ ಇಬ್ಬರೂ ಮಾತಾಡಿಕೊಂಡಿದ್ದರು.

"ಬಿಡೋದು ಹೇಗೂ ಬಿಡ್ಲೇಬೇಕು. ಆದ್ರೆ ಸೋರೋ ಕೆಲಸ ಬಿಟ್ಟು ಹೋದ್ರೆ ಮನೇಲಿ ಕೂತ್ರೂ ಆ ಶಬ್ದ ಕೇಳ್ತಾನೇ ಇರುತ್ತೆ. ಅದೊಂದು ಆಗ್ಬಾರ್ದು," ಎನ್ನುತ್ತಾರೆ ತೊಟ್ಟಣ್ಣ.

ಕ್ಲಿಪ್ಪು ಸಡಿಲಿಸುತ್ತಾರೆ. ಬೆರಳು ರಬ್ಬರಿನ ಮೇಲೆ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಏಣು ಸಿಗುವುದಿಲ್ಲ. ಎಡಗೈಯಲ್ಲಿ ಪ್ರಯತ್ನಿಸುತ್ತಾರೆ. ಅದಕ್ಕೂ ಇಲ್ಲ. ಆಮೇಲೆ ಚೀಲದ ಬಟ್ಟೆಯಿಂದ ಪೈಪನ್ನು ಚೆನ್ನಾಗಿ ಒರೆಸಿ, ಕತ್ತೆತ್ತಿ, ಕೆಳತುಟಿಯನ್ನು ರಬ್ಬರಿಗೆ ಒತ್ತಿ ಮೆಲ್ಲಗೆ ಸರಿಸುತ್ತಾರೆ.

ಟೀಚರ್ ಅವರ ಅತ್ತೆ ಕಾಫಿ ಲೋಟ ಹಿಡಿದು ಬಂದವರು ಇಣುಕುತ್ತಾರೆ. "ಏನಪ್ಪಾ, ಮುತ್ತು ಕೊಡ್ತಿದ್ದೀಯಾ ಅದಕ್ಕೆ?"

"ಮೂವತ್ತೊಂದು ವರ್ಷ ನನ್ನ ಸಾಕಿದೆಯಲ್ಲಮ್ಮಾ, ಒಂದಾದ್ರೂ ಕೊಡ್ಬೇಡ್ವಾ?"

"ಹೆಂಡ್ತಿಗೆ ಗೊತ್ತಾದ್ರೆ?"

"ಅವಳೇ ಕಳಿಸಿರೋದು."

ಅತ್ತೆ ನಗುತ್ತಾರೆ. ಆ ಬೆರಳುಗಳು ಕ್ಲಿಪ್ಪಿಗಾಗಿ ನೆಲ ತಡವುವುದು ಕಂಡು ನಗು ಅಲ್ಲಿಗೇ ನಿಲ್ಲುತ್ತದೆ. ಲೋಟ ಕೆಳಗಿಟ್ಟು, ಕ್ಲಿಪ್ಪನ್ನು ತಾವೇ ಹೆಕ್ಕಿ ತೊಟ್ಟಣ್ಣನ ಅಂಗೈಯಲ್ಲಿ ಇಡುತ್ತಾರೆ.

ತುಟಿಗೆ ಏಣು ಸಿಕ್ಕಿದೆ. ಅದರಾಚೆ ಒಂದು ಬೆರಳಿನಗಲ ಬಿಟ್ಟು ಕ್ಲಿಪ್ಪು ಕೂರಿಸಿ, ಅದರ ತಿರುಪನ್ನು ಸುತ್ತು ಎಣಿಸಿ ಎಣಿಸಿ ಬಿಗಿಯುತ್ತಾರೆ. ಬಿಗಿ ಸಾಕೇ ಎಂದು ಕೈ ಹೇಳುವುದಿಲ್ಲ, ಅದಕ್ಕೇ ಎಣಿಕೆ. ಬಳಿಕ ಚೀಲದಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಪೈಪು ಸೇರಿದ ಜಾಗಕ್ಕೆಲ್ಲಾ ಉದುರಿಸುತ್ತಾರೆ. ಒಂದು ಹನಿ ಜಿನುಗಿದರೂ ಬಿಳಿಯ ಮೇಲೆ ಗೆರೆ ಬೀಳುತ್ತದೆ. ಬೆರಳು ಹೇಳದ್ದನ್ನು ಕಣ್ಣು ಹೇಳಬೇಕು.

ಟೀಚರ್ ಮಷಿನ್ ಹಾಕುತ್ತಾರೆ. ನೀರು ತುಂಬುವಾಗ ಏನೂ ಗೊತ್ತಾಗುವುದಿಲ್ಲ, ಕೊಳೆನೀರು ಚೆಲ್ಲುವಾಗಲೇ ಪರೀಕ್ಷೆ. ಹದಿನೈದು ನಿಮಿಷ ಕಾಯುತ್ತಾರೆ. ಪೈಪು ಒಮ್ಮೆ ಮೈ ಕೊಡವುತ್ತದೆ, ಗೊಳಗೊಳ ಎಂದು ನೀರು ಓಡುತ್ತದೆ. ತೊಟ್ಟಣ್ಣ ಟಾರ್ಚು ಹಿಡಿದು ನೋಡುತ್ತಲೇ ಇದ್ದಾರೆ. ಮತ್ತೊಮ್ಮೆ ಚೆಲ್ಲುತ್ತದೆ. ಪೌಡರ್ ಬಿಳಿಯಾಗಿಯೇ ಇದೆ.

"ಅಬ್ಬಾ!" ಟೀಚರ್ ನಿಟ್ಟುಸಿರಿಡುತ್ತಾರೆ. "ಇನ್ನೇನೇ ಕೆಟ್ರೂ ನಿಮ್ಮನ್ನೇ ಕರೀತೀನಿ."

"ಬೇಡಿ ಮೇಡಂ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಎಲ್ಲಾ ಕಪಾಟಲ್ಲೂ ಮುಖ ತೂರಲ್ಲ." ಪಾನಾ, ತಿರುಪುಳಿ ಎಲ್ಲವನ್ನೂ ಒರೆಸಿ ಚೀಲಕ್ಕೆ ಹಾಕುತ್ತಾರೆ. ಏಳಲು ಗೋಡೆ ಹಿಡಿಯುತ್ತಾರೆ.

"ಅಲ್ಲಾ, ಇದೇ ಮತ್ತೆ ಸೋರಿದ್ರೆ ಏನ್ಮಾಡ್ಲಿ?"

ತೊಟ್ಟಣ್ಣ ಬಾಗಿಲ ಬಳಿ ನಿಂತು, ಚಪ್ಪಲಿಯೊಳಗೆ ಕಾಲು ಹೋಯಿತೇ ಎಂದು ಬಗ್ಗಿ ನೋಡಿಕೊಳ್ಳುತ್ತಾರೆ.

"ಇದಾ?" ಎನ್ನುತ್ತಾರೆ. "ಇದು ಸೋರಲ್ಲ."